ಹಿರಿಯರ ಕಾಲಿಗೆ ಒಗ್ಗುವ ಓಣಿ: ಹುಬ್ಬಳ್ಳಿ-ಧಾರವಾಡದವರಿಗೆ ಹಂತ ಹಂತದ ಮಾರ್ಗದರ್ಶಿ

"ನಮ್ಮ ಏರಿಯಾದ ಹಿರಿಯರಿಗೆ ಏನಾದರೂ ಮಾಡೋಣ" ಎಂದು ನಾಲ್ಕು ಜನ ಸೇರಿದರೆ ಮಾತು ಸೀದಾ ಪಾರ್ಕಿಗೆ ಹೋಗುತ್ತದೆ. ಇಲ್ಲವೇ ಹಿರಿಯರ ಭವನಕ್ಕೆ. ಜಾಗ ಎಲ್ಲಿ, ದುಡ್ಡು ಯಾರದು, ಹೆಸರು ಯಾರದಿಡಬೇಕು ಅನ್ನುವುದರಲ್ಲೇ ವರ್ಷ ಕಳೆಯುತ್ತದೆ. ಕಟ್ಟಿದ ಮೇಲೂ ಅಲ್ಲಿಗೆ ಬರುವವರು ಅರವತ್ತೈದರ ಗಟ್ಟಿಮುಟ್ಟಾದ ಕಾಕಾಗಳು. ಎಂಬತ್ತರ ಅಜ್ಜಿ ಮನೆಯಲ್ಲೇ ಇರುತ್ತಾರೆ. ಮನೆಗೂ ಪಾರ್ಕಿಗೂ ನಡುವೆ ಒಂದು ಗಟಾರ ಇದೆ, ಅದರ ಮೇಲಿನ ಫರಸಿ ಕಲ್ಲು ಅಲುಗಾಡುತ್ತದೆ. ಅಷ್ಟೇ ಕಾರಣ.

ಹಾಗಾಗಿ ನಾನು ಹೇಳುವುದು ಇಷ್ಟು: ಕಟ್ಟಡದಿಂದ ಶುರು ಮಾಡಬೇಡಿ, ದಾರಿಯಿಂದ ಶುರು ಮಾಡಿ. ಒಂದು ದಾರಿ ಪೂರ್ತಿ ಸರಿಯಾಗಲಿ. ಹತ್ತು ದಾರಿ ಅರ್ಧರ್ಧ ಸರಿಯಾದರೆ ಯಾರಿಗೂ ಉಪಯೋಗವಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹಿರಿಯಸ್ನೇಹಿ ನಗರಗಳ ಬಗ್ಗೆ ಒಂದು ಮಾರ್ಗದರ್ಶಿ ತಂದಿತು. 33 ನಗರಗಳ ಹಿರಿಯರನ್ನು ಕೂರಿಸಿ ಕೇಳಿ ಮಾಡಿದ ಕೆಲಸ ಅದು. ನಮ್ಮ ದೇಶದಿಂದ ದೆಹಲಿ ಮತ್ತು ಉದಯಪುರ ಇದ್ದವು. ಎಂಟು ವಿಷಯ ನೋಡಿ ಎಂದು ಅದು ಹೇಳುತ್ತದೆ: ಹೊರಗಿನ ಜಾಗ ಮತ್ತು ಕಟ್ಟಡ, ಸಾರಿಗೆ, ಮನೆ, ಜನರೊಡನೆ ಬೆರೆಯುವುದು, ಗೌರವ, ಕೆಲಸ ಮತ್ತು ಊರಿನ ವ್ಯವಹಾರದಲ್ಲಿ ಪಾಲು, ಮಾಹಿತಿ, ಆರೋಗ್ಯ ಸೇವೆ. ಎಂಟನ್ನೂ ಒಂದು ಓಣಿಯವರು ಮಾಡಲಾರರು. ಆದರೆ ಮೊದಲನೆಯದು ಕೆಟ್ಟರೆ ಉಳಿದವೂ ಹೆಚ್ಚುಕಡಿಮೆ ಕೆಟ್ಟ ಹಾಗೆಯೇ. ಮನೆಯಿಂದ ಹೊರಗೆ ಕಾಲಿಡದವರು ಯಾರೊಡನೆ ಬೆರೆಯಬೇಕು?

ಹಂತ 1: ಒಂದೇ ದಾರಿ ಆರಿಸಿ

ಹಿರಿಯರು ಎಲ್ಲಿಗೆ ಹೋಗಲು ಇಷ್ಟಪಡುತ್ತಾರೆ ಎಂದು ಕೇಳಿ. ಉತ್ತರ ನಮಗೆಲ್ಲ ಗೊತ್ತಿರುವುದೇ. ಗುಡಿ ಅಥವಾ ಮಸೀದಿ, ಔಷಧ ಅಂಗಡಿ, ಹಾಲು, ಕಾಯಿಪಲ್ಯೆ, ಬ್ಯಾಂಕು, ಬಸ್ ಸ್ಟಾಪು, ಕೂತು ಮಾತಾಡುವ ಕಟ್ಟೆ. ಇವುಗಳಲ್ಲಿ ಮೂರು ನಾಲ್ಕಾದರೂ ಒಂದೇ ಸಾಲಿನಲ್ಲಿ ಬರುವ ಅರ್ಧ ಕಿಲೋಮೀಟರ್ ದಾರಿ ಹುಡುಕಿ. ಮಾಳಮಡ್ಡಿಯಂಥ ಹಳೇ ಬಡಾವಣೆಯಲ್ಲಿ ಇದು ಸುಲಭವಾಗಿ ಸಿಗುತ್ತದೆ. ನವನಗರದಂಥ ಕಡೆ ಅಂಗಡಿ ಒಂದು ಕಡೆ, ಗುಡಿ ಒಂದು ಕಡೆ ಇರಬಹುದು. ಆಗ ಹೆಚ್ಚು ಹಿರಿಯರು ಇರುವ ಮನೆಗಳಿಂದ ಔಷಧ ಅಂಗಡಿಗೆ ಹೋಗುವ ದಾರಿ ಹಿಡಿಯಿರಿ. ಗುಡಿ ತಪ್ಪಿಸಬಹುದು, ಮಾತ್ರೆ ತಪ್ಪಿಸಲಾಗದು.

ಹಂತ 2: ಅವರ ಜತೆ ನಡೆಯಿರಿ, ಅವರ ವೇಗದಲ್ಲಿ

ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ. ಸಭೆ ಕರೆದು ಕೇಳಿದರೆ ಹಿರಿಯರು ನಿಜ ಹೇಳುವುದಿಲ್ಲ. "ಗುಡಿಗೆ ಯಾಕ ಬರವಲ್ಲಿರಿ ಆಯಿ?" ಅಂದರೆ "ಮೊಣಕಾಲು ತಮ್ಮಾ" ಅನ್ನುತ್ತಾರೆ. ಮಾತು ಅಲ್ಲಿಗೆ ಮುಗಿಯುತ್ತದೆ. ಜತೆಗೆ ನಡೆದರೆ ಮೊಣಕಾಲಿನ ಹಿಂದೆ ಏನೇನಿದೆ ಎಂದು ಕಾಣುತ್ತದೆ.

ನಮ್ಮ ಓಣಿಯ ಒಬ್ಬ ಅಜ್ಜಿಯ ಜತೆ ಹನುಮಪ್ಪನ ಗುಡಿಯವರೆಗೆ ಹೋದಾಗ ಕಂಡದ್ದನ್ನು ಹೇಳುತ್ತೇನೆ. ಗೇಟು ದಾಟಿದ ಕೂಡಲೇ ಅವರು ಎಡಗೈಯನ್ನು ಕಾಂಪೌಂಡ್ ಗೋಡೆಗೆ ಇಟ್ಟರು. ಗೋಡೆ ಇರುವ ತನಕ ಸರಾಗವಾಗಿ ನಡೆದರು. ಗೋಡೆ ಮುಗಿದು ಖಾಲಿ ಸೈಟು ಬಂದ ಕಡೆ ನಿಂತರು. ಅಲ್ಲಿ ಹಿಡಿಯಲು ಏನೂ ಇಲ್ಲ. ಮುಂದೆ ಒಂದು ಮನೆಯವರು ಕಾರು ಹತ್ತಿಸಲು ಫುಟ್‌ಪಾತಿಗೆ ಅಡ್ಡ ಇಳಿಜಾರು ಕಟ್ಟಿದ್ದಾರೆ. ಅಡ್ಡ ಇಳಿಜಾರಿನಲ್ಲಿ ಕಾಲು ಒಂದು ಕಡೆಗೆ ಜಾರುತ್ತದೆ, ಆದ್ದರಿಂದ ಅವರು ರಸ್ತೆಗೇ ಇಳಿದರು. ಅಲ್ಲಿ ಬೈಕುಗಳು. ಗುಡಿ ಮುಟ್ಟಿದ ಮೇಲೆ ಇನ್ನೊಂದು. ಚಪ್ಪಲಿ ಬಿಡಬೇಕಲ್ಲ, ಒಂಟಿ ಕಾಲಲ್ಲಿ ನಿಲ್ಲಬೇಕು. ಕಂಬ ದೂರ. ಬೇರೆ ಯಾರಾದರೂ ಬರುವ ತನಕ ಕಾದು ಅವರ ಭುಜ ಹಿಡಿದು ಚಪ್ಪಲಿ ಬಿಟ್ಟರು. ದಿನಾ ಯಾರ ಭುಜ ಹಿಡಿಯುವುದು? ಮುಜುಗರ. ಆ ಮುಜುಗರಕ್ಕೇ ಅವರು ಗುಡಿಗೆ ಬರುವುದು ಕಡಿಮೆ ಮಾಡಿದ್ದು.

ಇಂಥದ್ದು ಯಾವ ಸಮೀಕ್ಷೆಯ ಫಾರಂನಲ್ಲೂ ಬರುವುದಿಲ್ಲ.

ನಡೆಯುವಾಗ ಕೈ ಹಿಡಿಯಬೇಡಿ, ಒಂದು ಹೆಜ್ಜೆ ಹಿಂದೆ ಇರಿ. ಅವರು ನಿಂತ ಕಡೆ, ದಾರಿ ಬದಲಿಸಿದ ಕಡೆ, ಏನಾದರೂ ಹಿಡಿದುಕೊಂಡ ಕಡೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಿರಿ. ಮೂರು ನಾಲ್ಕು ಜನರ ಜತೆ ಬೇರೆ ಬೇರೆ ಹೊತ್ತಿನಲ್ಲಿ ಹೋಗಿ. ಕೋಲು ಹಿಡಿದವರು ಒಬ್ಬರು, ಕಣ್ಣು ಮಂದವಾದವರು ಒಬ್ಬರು ಇರಲಿ. ಸಂಜೆ ಏಳರ ಮೇಲೆ ಒಮ್ಮೆ ಹೋಗಲೇಬೇಕು. ಇಪ್ಪತ್ತರ ಕಣ್ಣಿಗೆ ಹೋಲಿಸಿದರೆ ಅರವತ್ತರ ಕಣ್ಣಿನೊಳಗೆ ಸುಮಾರು ಮೂರನೇ ಒಂದು ಭಾಗದಷ್ಟೇ ಬೆಳಕು ಇಳಿಯುತ್ತದೆ. ನಿಮಗೆ ಸಾಕಾಗುವ ಬೀದಿ ದೀಪ ಅವರಿಗೆ ಕತ್ತಲೆ.

ಮಳೆಗಾಲದಲ್ಲೂ ಒಮ್ಮೆ ನಡೆಯಿರಿ. ನಮ್ಮದು ಎರೆ ಮಣ್ಣಿನ ಸೀಮೆ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಬೇಸಿಗೆಯಲ್ಲಿ ನೆಟ್ಟಗೆ ಕೂತ ಪೇವರ್ ಕಲ್ಲು ಶ್ರಾವಣದ ಹೊತ್ತಿಗೆ ಒಂದು ಮೂಲೆ ಎತ್ತಿರುತ್ತದೆ. ಧಾರವಾಡದ ಮರದ ನೆರಳಿನ ಓಣಿಗಳಲ್ಲಿ ಮೇಲಿಂದ ಪಾಚಿ ಬೇರೆ.

ಹಂತ 3: ಟೇಪು ಹಿಡಿದು ಅಳೆಯಿರಿ

ಫೋಟೋ ತೋರಿಸಿದರೆ ಅಧಿಕಾರಿಗಳು "ನೋಡೋಣ" ಅನ್ನುತ್ತಾರೆ. ಅಳತೆ ತೋರಿಸಿದರೆ ಸುಮ್ನೆ ತಳ್ಳಿಹಾಕುವುದು ಕಷ್ಟ. ಹತ್ತಿರ ಇಟ್ಟುಕೊಳ್ಳಬೇಕಾದ ಲೆಕ್ಕ ಇವು:

- ಫುಟ್‌ಪಾತಿನಲ್ಲಿ ಅಡೆತಡೆ ಇಲ್ಲದ ಅಗಲ ಕನಿಷ್ಠ 1.8 ಮೀಟರ್, ರಸ್ತೆಯಿಂದ ಎತ್ತರ 15 ಸೆಂ.ಮೀ. ಮೀರಬಾರದು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪಾದಚಾರಿ ಮಾರ್ಗಸೂಚಿ ಐಆರ್‌ಸಿ 103 ಹೇಳುವುದು ಇದನ್ನೇ. ನಮ್ಮಲ್ಲಿ ಗಟಾರದ ಮೇಲೆ ಫುಟ್‌ಪಾತ್ ಹಾಕುವಾಗ ಒಂದು ಅಡಿ ಎತ್ತರ ಬರುವುದು ಮಾಮೂಲು.
- ರ‍್ಯಾಂಪಿನ ಇಳಿಜಾರು 12ಕ್ಕೆ 1. ಅರ್ಧ ಅಡಿಯ ಮೆಟ್ಟಿಲಿಗೆ ಆರು ಅಡಿ ಉದ್ದದ ರ‍್ಯಾಂಪ್ ಬೇಕು. ಬಹಳ ಕಡೆ ಎರಡು ಅಡಿಯಲ್ಲಿ ಮುಗಿಸಿರುತ್ತಾರೆ. ಅದು ರ‍್ಯಾಂಪಲ್ಲ, ಜಾರುಬಂಡಿ.
- ಕೂರುವ ಬೆಂಚು ನೆಲದಿಂದ ಸುಮಾರು 45 ಸೆಂ.ಮೀ. ಎತ್ತರ ಇರಲಿ. ಒರಗು ಬೇಕು, ಕೈ ಊರಲು ಹಿಡಿ ಬೇಕು.

ಕೊನೆಯದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ದಾನಿಗಳು ಕೊಡುವ ಸಿಮೆಂಟ್ ಬೆಂಚುಗಳಲ್ಲಿ ಹೆಸರು ಬರೆಯಲು ಒರಗು ಇರುತ್ತದೆ, ಕೈ ಊರಲು ಹಿಡಿ ಇರುವುದಿಲ್ಲ. ಕೂರುವುದು ಕಷ್ಟವಲ್ಲ, ಏಳುವುದು ಕಷ್ಟ. ಹಿಡಿ ಇಲ್ಲದ ಬೆಂಚಿನಲ್ಲಿ ಒಮ್ಮೆ ಕೂತು ಏಳಲಾಗದೆ ಒದ್ದಾಡಿದವರು ಮತ್ತೆ ಅಲ್ಲಿ ಕೂರುವುದಿಲ್ಲ. ಯಾರಾದರೂ ಬೆಂಚು ಕೊಡಿಸುತ್ತೇವೆ ಎಂದು ಬಂದರೆ ಮೊದಲು ಇದನ್ನೇ ಹೇಳಿ. ದಾರಿಯಲ್ಲಿ ನೂರು ನೂರೈವತ್ತು ಹೆಜ್ಜೆಗೊಂದು ಕೂರುವ ಜಾಗ ಇದ್ದರೆ ಅರ್ಧ ಕಿಲೋಮೀಟರ್ ಯಾರಿಗೂ ದೂರವಲ್ಲ.

ಹಂತ 4: ರಸ್ತೆ ಯಾರದು ಎಂದು ಪತ್ತೆ ಮಾಡಿ

ಇಲ್ಲಿ ಎಷ್ಟೋ ಒಳ್ಳೆಯ ಪ್ರಯತ್ನಗಳು ಸಾಯುತ್ತವೆ. ಅರ್ಜಿ ತಪ್ಪು ಟೇಬಲ್ಲಿಗೆ ಹೋಗುತ್ತದೆ, ಅಲ್ಲೇ ಕೂರುತ್ತದೆ.

ಒಳಗಿನ ಓಣಿ, ಗಟಾರ, ಬೀದಿ ದೀಪ, ಪಾರ್ಕು ಮಹಾನಗರ ಪಾಲಿಕೆಯದು. ನಿಮ್ಮ ವಾರ್ಡಿನ ವಲಯ ಕಚೇರಿಯಲ್ಲಿ ಒಬ್ಬ ಇಂಜಿನಿಯರ್ ಇರುತ್ತಾರೆ, ಮೊದಲು ಅವರನ್ನು ಕಾಣಿ. ದೊಡ್ಡ ರಸ್ತೆಗಳಲ್ಲಿ ಕೆಲವು ಲೋಕೋಪಯೋಗಿ ಇಲಾಖೆಗೆ, ಕೆಲವು ಹೆದ್ದಾರಿಯವರಿಗೆ ಸೇರಿವೆ. ಹುಬ್ಬಳ್ಳಿ-ಧಾರವಾಡ ನಡುವೆ ಪ್ರತ್ಯೇಕ ಪಥದಲ್ಲಿ ಓಡುವ ಚಿಗರಿ ಬಸ್ಸಿನ ನಿಲ್ದಾಣಗಳು ಬಿಆರ್‌ಟಿಎಸ್ ಕಂಪನಿಯ ಕೈಯಲ್ಲಿವೆ. ಫುಟ್‌ಪಾತಿನ ನಡುವೆ ಟ್ರಾನ್ಸ್‌ಫಾರ್ಮರ್ ಅಥವಾ ಕಂಬ ಇದ್ದರೆ ಹೆಸ್ಕಾಂ. ಸಿಗ್ನಲ್ಲಿನ ಸಮಯ, ಫುಟ್‌ಪಾತಿನ ಮೇಲಿನ ಪಾರ್ಕಿಂಗ್ ಸಂಚಾರ ಪೊಲೀಸರ ಕೆಲಸ. ಸಾಮಾನ್ಯ ಸಿಟಿ ಬಸ್ಸು ವಾಯವ್ಯ ಸಾರಿಗೆ ಸಂಸ್ಥೆಯದು. ಅದರ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲೇ ಇದೆ, ಹೆಸ್ಕಾಂನದೂ ಇಲ್ಲೇ. ಎಲ್ಲ ಊರಿನವರಿಗೂ ಈ ಅನುಕೂಲ ಇಲ್ಲ, ಬಳಸಿಕೊಳ್ಳಿ.

ನಿಮ್ಮ ಪಟ್ಟಿಯ ಪ್ರತಿ ತೊಂದರೆಯ ಮುಂದೆ ಈ ಹೆಸರುಗಳಲ್ಲಿ ಒಂದನ್ನು ಬರೆಯಿರಿ. ಬರೆಯಲು ಆಗದ್ದು ಉಳಿದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. "ಈ ರಸ್ತೆಯ ನಿರ್ವಹಣೆ ಯಾವ ಕಚೇರಿಯದು, ಕಳೆದ ಬಾರಿ ದುರಸ್ತಿ ಮಾಡಿದ್ದು ಯಾವಾಗ?" ಇಷ್ಟು ಕೇಳಿದರೆ ಸಾಕು.

ಹಂತ 5: ನಿಮ್ಮ ಕೈಯಲ್ಲಿ ಆಗುವುದನ್ನು ಮೊದಲು ಮಾಡಿ

ಅರ್ಜಿಗೆ ಕಾಯುತ್ತಾ ಕೂರಬೇಡಿ. ಒಂದು ಭಾನುವಾರ ಆಗುವ ಕೆಲಸಗಳು ಬಹಳ ಇವೆ.

ಗುಡಿಯ ಪಾವಟಿಗೆಗಳ ಅಂಚಿಗೆ ಎರಡು ಇಂಚಿನ ಹಳದಿ ಪಟ್ಟಿ ಬಳಿಯಿರಿ. ಕಡಪ ಕಲ್ಲಿನ ಮೆಟ್ಟಿಲಲ್ಲಿ ಒಂದು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂದು ಮಂದ ಕಣ್ಣಿಗೆ ತಿಳಿಯುವುದಿಲ್ಲ. ಮೆಟ್ಟಿಲಿನ ಪಕ್ಕ ಸ್ಟೀಲ್ ಪೈಪಿನ ಹಿಡಿಕೆ ಹಾಕಿಸಿ. ಚಪ್ಪಲಿ ಬಿಡುವ ಜಾಗದಲ್ಲಿ ಒಂದು ಸಣ್ಣ ಬೆಂಚು, ಅದರ ಪಕ್ಕ ಗೋಡೆಗೆ ಒಂದು ಹಿಡಿ. ಗುಡಿ ಕಮಿಟಿಯವರು ಇದಕ್ಕೆ ಇಲ್ಲ ಅನ್ನುವುದಿಲ್ಲ. ಗೋಪುರಕ್ಕೆ ಬಣ್ಣ ಹೊಡೆಸಲು ಚಂದಾ ಎತ್ತುವವರಿಗೆ ಇದು ಯಾವ ಲೆಕ್ಕ?

ಔಷಧ ಅಂಗಡಿ, ಕಿರಾಣಿ ಅಂಗಡಿಗಳಲ್ಲಿ ಕೈಯಿರುವ ಒಂದೊಂದು ಕುರ್ಚಿ ಹೊರಗಿಡಲು ಕೇಳಿ. ಗೋಡೆಗೆ ಒಂದು ಚೀಟಿ ಅಂಟಿಸಿ: "ಹಿರಿಯರೇ, ಕುಳಿತುಕೊಳ್ಳಿ. ಏನೂ ಕೊಳ್ಳಬೇಕಿಲ್ಲ." ಎರಡನೇ ವಾಕ್ಯ ಬಿಡಬೇಡಿ. ಅದಿಲ್ಲದಿದ್ದರೆ ಸಂಕೋಚಕ್ಕೆ ಯಾರೂ ಕೂರುವುದಿಲ್ಲ.

ಅಲುಗಾಡುವ ಫರಸಿ ಕಲ್ಲಿಗೆ ಗೌಂಡಿ ಕರೆಸಿದರೆ ಅರ್ಧ ದಿನದ ಕೆಲಸ. ಆದರೆ ಗಟಾರ ಪೂರ್ತಿ ಮುಚ್ಚಿಸಬೇಡಿ. ಹೂಳು ತೆಗೆಯುವವರಿಗೆ ಕಲ್ಲು ಎತ್ತಲು ಬರಬೇಕು. ಇಲ್ಲವಾದರೆ ಮುಂದಿನ ಮಳೆಗೆ ಅವರು ಅದನ್ನು ಒಡೆದೇ ಒಡೆಯುತ್ತಾರೆ.

ಕಾರಿನ ರ‍್ಯಾಂಪ್ ಕಟ್ಟಿದ ಮನೆಯವರ ಜತೆ ಮಾತಾಡುವುದು ಎಲ್ಲಕ್ಕಿಂತ ಕಷ್ಟದ ಕೆಲಸ. ಕಾನೂನು ಹೇಳಿಕೊಂಡು ಹೋಗಬೇಡಿ, ಅಜ್ಜಿಯನ್ನೇ ಕರೆದುಕೊಂಡು ಹೋಗಿ. "ಅಣ್ಣಾರ, ಇಲ್ಲಿ ಆಯಿಗೆ ಕಾಲು ಜಾರತೈತಿ, ಗೇಟಿನ ಒಳಗ ಇಳಿಜಾರು ಮಾಡಾಕ ಬರ್ತದೇನ್ರಿ?" ಅಂದರೆ ಬಹಳಷ್ಟು ಜನ ಕೇಳುತ್ತಾರೆ. ಕೇಳದವರೂ ಇದ್ದಾರೆ. ಅವರನ್ನು ಪಾಲಿಕೆಯ ಪಟ್ಟಿಗೆ ಹಾಕಿ ಮುಂದೆ ನಡೆಯಿರಿ. ಒಂದು ಮನೆಯ ಜತೆ ಜಗಳಕ್ಕೆ ಬಿದ್ದು ಇಡೀ ಕೆಲಸ ನಿಲ್ಲಿಸಬೇಡಿ.

ಹಂತ 6: ಅರ್ಜಿ ಬರೆಯುವ ರೀತಿ

ಒಂದು ಅರ್ಜಿಗೆ ಒಂದು ಕಚೇರಿ, ಒಂದು ಜಾಗ, ಒಂದು ಬೇಡಿಕೆ. "ಹಿರಿಯ ನಾಗರಿಕರಿಗೆ ಸೌಲಭ್ಯ ಒದಗಿಸುವ ಕುರಿತು" ಎಂದು ವಿಷಯ ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಹೀಗೆ ಬರೆಯಿರಿ:

"ಇಂಥ ವಾರ್ಡ್, ಇಂಥ ಅಡ್ಡರಸ್ತೆಯಲ್ಲಿ ಔಷಧ ಅಂಗಡಿಯ ಎದುರು ಫುಟ್‌ಪಾತ್ ರಸ್ತೆಯಿಂದ 32 ಸೆಂ.ಮೀ. ಎತ್ತರವಿದೆ. ಐಆರ್‌ಸಿ 103ರ ಪ್ರಕಾರ 15 ಸೆಂ.ಮೀ. ಮೀರಬಾರದು. ಎರಡೂ ತುದಿಗೆ 12ಕ್ಕೆ 1ರ ಇಳಿಜಾರು ಮಾಡಿಸಿಕೊಡಬೇಕು. ಅಳತೆಯ ಫೋಟೋ ಮತ್ತು ನಕ್ಷೆ ಲಗತ್ತಿಸಿದೆ. ದಿನಾ ಈ ದಾರಿ ಬಳಸುವ ಹಿರಿಯರ ಸಹಿ ಹಿಂದಿದೆ."

ಬೇಕಿದ್ದರೆ ಒಂದು ಸಾಲು ಸೇರಿಸಿ. ನಡೆಯಲು ಯೋಗ್ಯವಾದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯಡಿ ಬರುವ ಹಕ್ಕು ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ಆದರೆ ಮೊದಲ ಅರ್ಜಿಯಲ್ಲೇ ಕೋರ್ಟಿನ ಮಾತು ತಂದರೆ ಕೆಲವರು ಮುಖ ಬಿಗಿದುಕೊಳ್ಳುತ್ತಾರೆ. ನಾನಾದರೆ ಎರಡನೇ ಅರ್ಜಿಗೆ ಇಟ್ಟುಕೊಳ್ಳುತ್ತೇನೆ.

ಸ್ವೀಕೃತಿ ಮುದ್ರೆ ಇಲ್ಲದೆ ಕಚೇರಿಯಿಂದ ಹೊರಗೆ ಬರಬೇಡಿ. ಒಂದು ಪ್ರತಿ ಕಾರ್ಪೊರೇಟರಿಗೆ, ಒಂದು ವಾರ್ಡ್ ಸಮಿತಿಗೆ. ಸಮಿತಿಯ ಸಭೆ ನಡೆಯುವ ದಿನ ಕೇಳಿಕೊಂಡು, ಹಿರಿಯರಲ್ಲಿ ಇಬ್ಬರನ್ನಾದರೂ ಕರೆದುಕೊಂಡು ಹೋಗಿ. ಯುವಕರು ಹತ್ತು ಜನ ಹೋಗುವುದಕ್ಕಿಂತ ಕೋಲೂರಿಕೊಂಡು ಬಂದ ಒಬ್ಬ ನಿವೃತ್ತ ಮಾಸ್ತರರ ಮಾತಿಗೆ ತೂಕ ಜಾಸ್ತಿ. ಅವರ ಹತ್ತಿರ ಕಲಿತವರೇ ಯಾರೋ ಆ ಸಭೆಯಲ್ಲಿ ಕೂತಿರುತ್ತಾರೆ, ನಮ್ಮ ಧಾರವಾಡವೇ ಹಾಗೆ.

ಹಂತ 7: ಸಂಡಾಸಿನ ಮಾತು ಬಿಡಬೇಡಿ

ಯಾವ ಸಭೆಯಲ್ಲೂ ಇದನ್ನು ಯಾರೂ ಎತ್ತುವುದಿಲ್ಲ. ಆದರೆ ಹಿರಿಯರು ಪೇಟೆಗೆ ಹೋಗದಿರಲು ದೊಡ್ಡ ಕಾರಣ ಇದು. ಬಿಪಿ ಮಾತ್ರೆಗಳಲ್ಲಿ ಕೆಲವು ಮೂತ್ರ ಜಾಸ್ತಿ ಮಾಡಿಸುತ್ತವೆ. ಗಂಡಸರಿಗೆ ಪ್ರಾಸ್ಟೇಟ್ ತೊಂದರೆ. ಹೆಂಗಸರಂತೂ ಹೊರಗೆ ಹೋಗುವ ದಿನ ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ. ಆಮೇಲೆ ತಲೆ ಸುತ್ತಿ ದುರ್ಗದಬೈಲಿನ ಗದ್ದಲದಲ್ಲಿ ಎಲ್ಲೋ ಕುಸಿದು ಕೂರುತ್ತಾರೆ.

ಹೊಸ ಸಾರ್ವಜನಿಕ ಶೌಚಾಲಯ ಕಟ್ಟಿಸುವುದು ದೂರದ ಮಾತು. ಇರುವುದರಲ್ಲೇ ಕೇಳಬೇಕಾದದ್ದು: ಒಂದು ಕೋಣೆಯಲ್ಲಿ ಕಮೋಡ್, ಪಕ್ಕದ ಗೋಡೆಗೆ ಹಿಡಿ, ಒಳಗೆ ದೀಪ, ಹೊರಗೆ ತೆರೆಯುವ ಬಾಗಿಲು. ಒಳಗೆ ಯಾರಾದರೂ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲನ್ನು ಅವರ ಮೈಯೇ ತಡೆಯುತ್ತದೆ. ಬಾಗಿಲಿಗೆ ಮೆಟ್ಟಿಲು ಇರಬಾರದು. ಮತ್ತೆ ಬೀಗ. "ವಿಶೇಷ ಚೇತನರಿಗೆ" ಎಂದು ಬರೆದ ಕೋಣೆಗೇ ಬೀಗ ಹಾಕಿ, ಅದರೊಳಗೆ ಪೊರಕೆ ಬಕೆಟ್ ತುಂಬಿಟ್ಟಿರುವುದನ್ನು ನೀವೂ ನೋಡಿರುತ್ತೀರಿ.

ಅಲ್ಲಿಯವರೆಗೆ ನಿಮ್ಮ ದಾರಿಯಲ್ಲಿರುವ ಖಾನಾವಳಿ, ಕ್ಲಿನಿಕ್, ಬ್ಯಾಂಕಿನವರನ್ನು ಮಾತಾಡಿಸಿ, ಹಿರಿಯರಿಗೆ ತಮ್ಮ ಶೌಚಾಲಯ ಬಿಟ್ಟುಕೊಡಲು ಒಪ್ಪಿಸಿ. ಒಪ್ಪಿದವರ ಪಟ್ಟಿ ಮನೆಮನೆಗೆ ಹಂಚಿ.

ಹಂತ 8: ರಸ್ತೆ ದಾಟುವುದು, ಬಸ್ಸು ಹತ್ತುವುದು

2018ರಿಂದ ಓಡುತ್ತಿರುವ ಚಿಗರಿ ಬಸ್ಸು ಹಿರಿಯರಿಗೆ ನಿಜವಾಗಿ ಒಳ್ಳೆಯದು. ನಿಲ್ದಾಣದ ಕಟ್ಟೆ, ಬಸ್ಸಿನ ನೆಲ ಎರಡೂ ಒಂದೇ ಮಟ್ಟ, ಮೆಟ್ಟಿಲು ಹತ್ತುವ ಗೋಜಿಲ್ಲ. ತೊಂದರೆ ಇರುವುದು ಬಸ್ಸಿನಲ್ಲಲ್ಲ. ನಿಲ್ದಾಣ ರಸ್ತೆಯ ನಡುವೆ ಇದೆ. ಅಲ್ಲಿಗೆ ಮುಟ್ಟಲು ಅರ್ಧ ಹೆದ್ದಾರಿ ದಾಟಬೇಕು.

ಆದ್ದರಿಂದ ನಿಮ್ಮ ಹತ್ತಿರದ ನಿಲ್ದಾಣದಲ್ಲಿ ಅಳೆಯಬೇಕಾದದ್ದು ಸೆಕೆಂಡು. ಸಿಗ್ನಲ್ ಲೆಕ್ಕಕ್ಕೆ ಸಾಮಾನ್ಯವಾಗಿ ಹಿಡಿಯುವ ನಡಿಗೆ ಸೆಕೆಂಡಿಗೆ 1.2 ಮೀಟರ್. ಹಿರಿಯರಲ್ಲಿ ಬಹಳ ಜನ 0.8ರ ಆಸುಪಾಸಿನಲ್ಲಿ ನಡೆಯುತ್ತಾರೆ. 15 ಮೀಟರ್ ದಾಟಲು ಮೊದಲ ಲೆಕ್ಕದಲ್ಲಿ ಹನ್ನೆರಡೂವರೆ ಸೆಕೆಂಡು ಸಾಕು, ಎರಡನೆಯದರಲ್ಲಿ ಸುಮಾರು 19 ಬೇಕು. ಅಂದರೆ ದೀಪ ಬದಲಾದಾಗ ಅಜ್ಜ ಇನ್ನೂ ಐದು ಮೀಟರ್ ಹಿಂದೆ, ರಸ್ತೆಯ ಮೇಲೆಯೇ ಇದ್ದಾರೆ. ಮೊಬೈಲಿನಲ್ಲಿ ಸಮಯ ಹಿಡಿದು ಹಸಿರು ಎಷ್ಟು ಹೊತ್ತು ಇರುತ್ತದೆ, ನಿಮ್ಮ ಹಿರಿಯರಿಗೆ ಎಷ್ಟು ಬೇಕಾಯಿತು ಎಂದು ಬರೆದು ಸಂಚಾರ ಪೊಲೀಸರಿಗೆ ಕೊಡಿ. ಹಸಿರನ್ನು ಏಳೆಂಟು ಸೆಕೆಂಡು ಹೆಚ್ಚಿಸಲು ಕಾಮಗಾರಿ ಬೇಡ, ಟೆಂಡರ್ ಬೇಡ.

ಮೇಲ್ಸೇತುವೆ ಮಾಡಿಸಿ ಎಂದು ಕೇಳುವವರಿದ್ದಾರೆ. ಲಿಫ್ಟ್ ಇಲ್ಲದ, ಅಥವಾ ಲಿಫ್ಟ್ ಕೆಟ್ಟು ನಿಂತ ಪಾದಚಾರಿ ಸೇತುವೆ ಹಿರಿಯರಿಗೆ ಮಾಡಿದ ಉಪಕಾರ ಅಲ್ಲ. ವಾಹನಗಳಿಗೆ ಮಾಡಿದ ಉಪಕಾರ.

ಸಾಮಾನ್ಯ ಸಿಟಿ ಬಸ್ಸಿನಲ್ಲಿ ಮೊದಲ ಮೆಟ್ಟಿಲೇ ಎತ್ತರ. ಸ್ಟಾಪಿನಲ್ಲಿ ಬಸ್ಸು ಫುಟ್‌ಪಾತಿಗೆ ತಾಗಿ ನಿಂತರೆ ಅರ್ಧ ಕಷ್ಟ ಕಡಿಮೆ. ಹಾಗೆ ನಿಲ್ಲದಿರುವುದಕ್ಕೆ ಸಾಮಾನ್ಯ ಕಾರಣ ಸ್ಟಾಪಿನಲ್ಲೇ ನಿಂತ ರಿಕ್ಷಾಗಳು. ರಿಕ್ಷಾದವರ ಜತೆ ಕೂತು ಇಪ್ಪತ್ತು ಅಡಿ ಮುಂದೆ ಅವರಿಗೊಂದು ಜಾಗ ಗೊತ್ತು ಮಾಡಿ. ಡ್ರೈವರನ್ನು ಬೈದರೆ ಉಪಯೋಗವಿಲ್ಲ.

ಹಂತ 9: ನೀರು, ದುಡ್ಡು, ಫೋನು

ಒಂಟಿಯಾಗಿ ಇರುವ ಹಿರಿಯರ ಪಟ್ಟಿ ಮಾಡಿ. ಮಕ್ಕಳು ಬೆಂಗಳೂರಿನಲ್ಲೋ ಪುಣೆಯಲ್ಲೋ ಇರುವ ಮನೆಗಳು ಪ್ರತಿ ಓಣಿಯಲ್ಲೂ ಇವೆ. ಪಟ್ಟಿ ಇಬ್ಬರು ನಂಬಿಕಸ್ಥರ ಕೈಯಲ್ಲಿ ಮಾತ್ರ ಇರಲಿ, ಗ್ರೂಪಿನಲ್ಲಿ ಹಾಕಬೇಡಿ. ಕಳ್ಳರಿಗೂ ಅದೇ ಪಟ್ಟಿ ಬೇಕು.

24 ಗಂಟೆ ನೀರು ಇಲ್ಲದ ಕಡೆ ನೀರು ಬಿಡುವ ಹೊತ್ತೇ ದೊಡ್ಡ ಸಮಸ್ಯೆ. ನಡುರಾತ್ರಿ ನೀರು ಬಂದರೆ ಎಂಬತ್ತರ ಅಜ್ಜ ಎದ್ದು, ಒದ್ದೆ ನೆಲದಲ್ಲಿ ಪೈಪು ಎಳೆಯುತ್ತಾರೆ. ಬೀಳುವುದು ಅಲ್ಲೇ. ವಾಲ್ವ್ ತಿರುಗಿಸುವವರ ಜತೆ ಮಾತಾಡಿ ಹೊತ್ತು ಮೊದಲೇ ತಿಳಿದುಕೊಳ್ಳಿ. ಅಂಥ ಮನೆಗಳಿಗೆ ಪಕ್ಕದ ಮನೆಯ ಹುಡುಗರನ್ನು ಗೊತ್ತು ಮಾಡಿ.

ಬ್ಯಾಂಕಿನ ಕೆಲಸಕ್ಕೆ: 70 ದಾಟಿದವರಿಗೆ ಮನೆಬಾಗಿಲಿಗೇ ಸೇವೆ ಕೊಡಲು ರಿಸರ್ವ್ ಬ್ಯಾಂಕ್ 2017ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಕೇಳಿದವರಿಗೆ ಮಾತ್ರ ಸಿಗುತ್ತದೆ. ನವೆಂಬರಿನಲ್ಲಿ ಪಿಂಚಣಿಯ ಜೀವನ ಪ್ರಮಾಣಪತ್ರವನ್ನು ಮೊಬೈಲಿನಲ್ಲಿ ಮುಖ ತೋರಿಸಿ ಮಾಡಬಹುದು. ಓಣಿಯ ಕಾಲೇಜು ಹುಡುಗಿಯೊಬ್ಬಳು ಒಂದು ಬೆಳಿಗ್ಗೆ ಗುಡಿ ಕಟ್ಟೆಯಲ್ಲಿ ಕೂತರೆ ಹತ್ತಾರು ಜನರದ್ದು ಮುಗಿಯುತ್ತದೆ. ಆಸ್ಪತ್ರೆಯಲ್ಲಿ ಹಿರಿಯರಿಗೆ ಬೇರೆ ಸಾಲು ಇರಬೇಕು ಎಂದು 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆ ಹೇಳುತ್ತದೆ. ಇಲ್ಲದಿದ್ದರೆ ಕೇಳಿ. ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567, ತುರ್ತಿಗೆ 112. ಈ ಎರಡನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಫೋನಿನ ಪಕ್ಕದ ಗೋಡೆಗೆ ಅಂಟಿಸಿಕೊಡಿ.

ಹಂತ 10: ಅಗೆಯುವವರ ಮೇಲೆ ಕಣ್ಣಿಡಿ

ದಾರಿ ಸರಿಯಾಯಿತು ಅನ್ನುವಷ್ಟರಲ್ಲಿ ಯಾರಾದರೂ ಅಗೆಯಲು ಬರುತ್ತಾರೆ. ನೀರಿನ ಪೈಪು, ಗ್ಯಾಸ್ ಪೈಪು, ಕೇಬಲ್ಲು. ಅಗೆಯುವ ಮೊದಲೇ ದಾರಿಯ ಫೋಟೋ ದಿನಾಂಕದ ಸಮೇತ ತೆಗೆದಿಡಿ. ಗುತ್ತಿಗೆದಾರನ ಹೆಸರು, ಕೆಲಸ ಕೊಟ್ಟ ಕಚೇರಿ ಯಾವುದು ಎಂದು ಅಲ್ಲೇ ಕೇಳಿ ಬರೆದುಕೊಳ್ಳಿ. ತಗ್ಗು ಮುಚ್ಚುವಾಗ ಎರೆ ಮಣ್ಣನ್ನೇ ವಾಪಸು ತುಂಬಿ ಮೇಲೆ ಕಲ್ಲು ಜೋಡಿಸಿದರೆ ಮೊದಲ ಮಳೆಗೆ ಕುಸಿಯುತ್ತದೆ. ಗರಸು ಹಾಕಿ, ನೀರು ಹೊಡೆದು, ದಮ್ಮಸು ಮಾಡಿದ ಮೇಲೆಯೇ ಕಲ್ಲು ಕೂರಿಸಲು ಹೇಳಿ. ತಗ್ಗು ತೆರೆದಿರುವಷ್ಟು ದಿನ ಸುತ್ತ ಹಗ್ಗ ಕಟ್ಟಿ, ರಾತ್ರಿಗೆ ಒಂದು ದೀಪ ಇಡಿಸಿ, ದಾಟಲು ಅಲುಗಾಡದ ಹಲಗೆ ಹಾಕಿಸಿ.

ವರ್ಷಕ್ಕೆರಡು ಸಲ, ಯುಗಾದಿ ಮುಗಿದ ಮೇಲೊಮ್ಮೆ, ದಸರೆ ಮುಗಿದ ಮೇಲೊಮ್ಮೆ, ಎರಡನೇ ಹಂತದ ನಡಿಗೆಯನ್ನು ಅದೇ ಹಿರಿಯರ ಜತೆ ಮತ್ತೆ ಮಾಡಿ. ಹಳೇ ಪಟ್ಟಿ ಕೈಯಲ್ಲಿರಲಿ, ಸರಿಯಾದದ್ದಕ್ಕೆ ಗೆರೆ ಎಳೆಯಿರಿ, ಹೊಸದಾಗಿ ಕೆಟ್ಟದ್ದನ್ನು ಕೆಳಗೆ ಸೇರಿಸಿ. ಈ ದಾರಿಯ ಪಟ್ಟಿ ನಾಲ್ಕೈದು ಸಾಲಿಗೆ ಇಳಿದ ಮೇಲೆ ಪಕ್ಕದ ಓಣಿಯ ದಾರಿ ಹಿಡಿಯಿರಿ.